ಡಿಕ್ಕಿ ಹೊಡೆಯದೆ ಕಲಿಯುವ ಟ್ಯಾಕಲ್

2014ರ ಬೇಸಿಗೆಯಲ್ಲಿ ಸಿಯಾಟಲ್ ಸೀಹಾಕ್ಸ್ ತಂಡ ಒಂದು ತರಬೇತಿ ವಿಡಿಯೊ ತಯಾರಿಸಿ, ಯಾರು ಬೇಕಾದರೂ ನೋಡಿಕೊಳ್ಳಲಿ ಎಂದು ಹೊರಬಿಟ್ಟಿತು. ಅದೇ ವರ್ಷ ಫೆಬ್ರುವರಿ 2ರಂದು ಆ ತಂಡ ಅಮೆರಿಕನ್ ಫುಟ್‌ಬಾಲಿನ ಅತಿ ದೊಡ್ಡ ಪಂದ್ಯ ಸೂಪರ್ ಬೌಲನ್ನು 43–8ರಿಂದ ಗೆದ್ದಿತ್ತು. ಸೋತ ಡೆನ್ವರ್ ಬ್ರಾಂಕೋಸ್ ಸಾಮಾನ್ಯ ತಂಡವೇನಲ್ಲ. ಆ ಸಾಲಿನ ಲೀಗ್ ಪಂದ್ಯಗಳಲ್ಲಿ 606 ಪಾಯಿಂಟ್ ಗಳಿಸಿ ದಾಖಲೆ ಮಾಡಿತ್ತು; ಚೆಂಡು ಎಸೆಯುವ ಅದರ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ ಒಬ್ಬರೇ 55 ಟಚ್‌ಡೌನ್ ಪಾಸ್ ಎಸೆದಿದ್ದರು. ಅಂಥ ತಂಡವನ್ನು ಎಂಟು ಪಾಯಿಂಟಿಗೆ ಕಟ್ಟಿಹಾಕಿದ ಡಿಫೆನ್ಸ್ ತನ್ನ ಕೈಚಳಕವನ್ನು ಶಾಲೆ, ಕಾಲೇಜಿನ ಕೋಚ್‌ಗಳ ಮುಂದೆ ಬಿಡಿಸಿಟ್ಟಿತು. ವಿಡಿಯೊದಲ್ಲಿ ಮಾತಾಡಿದವರು ಮುಖ್ಯ ಕೋಚ್ ಪೀಟ್ ಕ್ಯಾರಲ್. ಆ ಪದ್ಧತಿಯನ್ನು ರೂಪಿಸುವಲ್ಲಿ ಮುಂದೆ ನಿಂತವರು ಸಹಾಯಕ ಕೋಚ್ ರಾಕಿ ಸೆಟೊ. ಅವರು ಹೇಳಿದ್ದರ ತಿರುಳು ಇಷ್ಟೆ: ಎದುರಾಳಿಯನ್ನು ಕೆಡವುವಾಗ ತಲೆಯನ್ನು ಆಟದಿಂದ ಆಚೆ ಇಡಿ, ಭುಜದಿಂದ ಹಿಡಿಯಿರಿ, ರಗ್ಬಿಯವರು ಬಹುಕಾಲದಿಂದ ಹಾಗೇ ಮಾಡುತ್ತಿದ್ದಾರೆ.

ಹೆಲ್ಮೆಟ್ ಇಲ್ಲದೆ ಆಡುವ ರಗ್ಬಿಯಿಂದ ಹೆಲ್ಮೆಟ್ ಹಾಕಿ ಆಡುವವರು ಪಾಠ ಕಲಿತರು. ಈ ಆಟದ ಡಿಫೆನ್ಸ್ ಬಗ್ಗೆ ನನಗೆ ಅತ್ಯಂತ ಕುತೂಹಲದ ಸಂಗತಿ ಇದೇ. ಹೊರಗಿನಿಂದ ನೋಡುವವರಿಗೆ ಅಮೆರಿಕನ್ ಫುಟ್‌ಬಾಲ್ ಎಂದರೆ ದಪ್ಪ ದಪ್ಪ ಆಳುಗಳು ಗೂಳಿಗಳ ಹಾಗೆ ಗುದ್ದಾಡುವುದು. ಆದರೆ ಒಳ್ಳೆಯ ಡಿಫೆನ್ಸ್ ಕಟ್ಟಿದವರ ತಾಲೀಮನ್ನು ನೋಡಿದರೆ ಗುದ್ದಾಟ ಆಶ್ಚರ್ಯವಾಗುವಷ್ಟು ಕಡಿಮೆ. ಕಾಲು, ಕಣ್ಣು, ಓಡುವ ಕೋನ, ತನ್ನ ಪಾಲಿನ ಕೆಲಸದ ಅರಿವು, ಇವಕ್ಕೇ ಹೆಚ್ಚು ಹೊತ್ತು ಹೋಗುತ್ತದೆ. ತಾಲೀಮಿನಲ್ಲಿ ಕಡಿಮೆ ಹೊಡೆದಾಡಿದ ತಂಡ ಪಂದ್ಯದಲ್ಲಿ ಚೆನ್ನಾಗಿ ಕೆಡವುತ್ತದೆ ಎಂಬ ಮಾತನ್ನು ಅಲ್ಲಿಯ ಹಳೆಯ ಕೋಚ್‌ಗಳು ಬಹಳ ಕಾಲ ನಂಬಲಿಲ್ಲ. ಈಗಲೂ ಕೆಲವರು ನಂಬುವುದಿಲ್ಲ. ನಾನು ನಂಬುತ್ತೇನೆ, ಯಾಕೆಂದು ಹೇಳುತ್ತೇನೆ.

ಆಟದ ಪರಿಚಯ ಇಲ್ಲದವರಿಗೆ ಒಂದೆರಡು ಮಾತು. ಎರಡೂ ಕಡೆ ಹನ್ನೊಂದು ಹನ್ನೊಂದು ಜನ. ಚೆಂಡು ಇರುವ ತಂಡಕ್ಕೆ ಹತ್ತು ಗಜ ಮುಂದೆ ಸಾಗಲು ನಾಲ್ಕು ಅವಕಾಶ. ಸಾಗಿದರೆ ಮತ್ತೆ ನಾಲ್ಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಹೊತ್ತು ಓಡಬಹುದು, ಎಸೆದು ಹಿಡಿಯಬಹುದು. ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್. ಡಿಫೆನ್ಸ್ ಎಂದರೆ ಇದನ್ನು ತಡೆಯುವ ಹನ್ನೊಂದು ಜನ: ಮುಂದಿನ ಸಾಲಿನಲ್ಲಿ ಭಾರಿ ದೇಹದ ಲೈನ್‌ಮನ್‌ಗಳು, ಅವರ ಹಿಂದೆ ಲೈನ್‌ಬ್ಯಾಕರ್‌ಗಳು, ಎರಡು ಅಂಚಿನಲ್ಲಿ ಕಾರ್ನರ್‌ಗಳು, ಎಲ್ಲರ ಹಿಂದೆ ಸೇಫ್ಟಿಗಳು. ಚೆಂಡು ಹೊತ್ತವನನ್ನು ಹಿಡಿದು ನೆಲಕ್ಕೆ ಕೆಡವುವುದೇ ಟ್ಯಾಕಲ್.

ಆ ಟ್ಯಾಕಲನ್ನು ಹೇಗೆ ಕಲಿಸುವುದು ಎನ್ನುವುದರಲ್ಲೇ ಎರಡು ಮನೋಧರ್ಮಗಳಿವೆ.

ಹಳೆಯದರ ಗುರುತು ಒಕ್ಲಹೋಮ ಡ್ರಿಲ್. 1947ರಿಂದ 1963ರವರೆಗೆ ಒಕ್ಲಹೋಮ ವಿಶ್ವವಿದ್ಯಾಲಯದ ಕೋಚ್ ಆಗಿದ್ದ ಬಡ್ ವಿಲ್ಕಿನ್ಸನ್ ಹೆಸರಿನೊಂದಿಗೆ ಅದು ಬೆಸೆದುಕೊಂಡಿದೆ. ಅವರ ತಂಡ 1953ರಿಂದ 1957ರ ನಡುವೆ ಸತತ 47 ಪಂದ್ಯ ಗೆದ್ದಿತ್ತು. ಅಂಥವರು ಮಾಡಿಸಿದ್ದು ದೇಶವೆಲ್ಲ ಹಬ್ಬದೆ ಇದ್ದೀತೆ? ನೆಲದ ಮೇಲೆ ಎರಡು ದಿಂಬು ಇಟ್ಟು ನಡುವೆ ಒಂದು ಕಿರಿದಾದ ಓಣಿ ಮಾಡುತ್ತಾರೆ. ಒಂದು ಕಡೆ ಅಡ್ಡಗಟ್ಟುವವನು ಮತ್ತು ಅವನ ಬೆನ್ನಿಗೆ ಚೆಂಡು ಹೊತ್ತವನು, ಇನ್ನೊಂದು ಕಡೆ ಡಿಫೆನ್ಸಿನವನು. ಸೀಟಿ ಊದಿದ ಕೂಡಲೇ ಎದುರೆದುರು ನುಗ್ಗಿ ಅಪ್ಪಳಿಸಬೇಕು. ಸುತ್ತ ನಿಂತ ಇಡೀ ತಂಡ ಕೂಗಿ ಹುರಿದುಂಬಿಸುತ್ತದೆ. ಯಾರ ಗುಂಡಿಗೆ ಗಟ್ಟಿ ಎಂದು ಅಳೆಯುವ ಪರೀಕ್ಷೆ ಇದು, ಎಷ್ಟೋ ಊರುಗಳಲ್ಲಿ ಹುಡುಗ ಗಂಡಸಾದ ಗುರುತೂ ಹೌದು.

ಇದರಿಂದ ಕಲಿಯುವುದು ಏನು? ಪಂದ್ಯದಲ್ಲಿ ಓಟಗಾರ ಇಂಥ ಓಣಿಯೊಳಗೆ, ಮೊದಲೇ ಗೊತ್ತಿರುವ ದಿಕ್ಕಿನಿಂದ ನೇರವಾಗಿ ಬಂದು ಎದೆಗೆ ಎದೆ ಕೊಡುವುದು ಅಪರೂಪ. ಬಯಲಿನಲ್ಲಿ ಓರೆಯಾಗಿ ಓಡುತ್ತಾನೆ, ಒಂದು ಹೆಜ್ಜೆ ತೋರಿಸಿ ಇನ್ನೊಂದು ಕಡೆ ತಿರುಗುತ್ತಾನೆ, ಕೈ ಚಾಚಿ ತಳ್ಳುತ್ತಾನೆ. ಡಿಫೆನ್ಸಿನವನು ತಪ್ಪುವುದು ಬಹುಪಾಲು ಅಪ್ಪಳಿಸುವ ಕ್ಷಣದಲ್ಲಲ್ಲ, ಅದಕ್ಕೆ ಮೊದಲಿನ ನಾಲ್ಕಾರು ಹೆಜ್ಜೆಯಲ್ಲಿ. ಒಕ್ಲಹೋಮ ಡ್ರಿಲ್ ಆ ಹೆಜ್ಜೆಗಳನ್ನೇ ಕಿತ್ತುಹಾಕಿ ಕೊನೆಯ ಡಿಕ್ಕಿಯನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಬೇಕಾದದ್ದನ್ನು ಬಿಟ್ಟು ಬೇಡದ್ದನ್ನು ನೂರು ಸಲ ಮಾಡಿಸಿದ ಹಾಗೆ. 2019ರ ಮೇ ತಿಂಗಳಲ್ಲಿ ವೃತ್ತಿಪರರ ಲೀಗ್ ಎನ್‌ಎಫ್‌ಎಲ್ ತನ್ನ ತಂಡಗಳಿಗೆ ಈ ಡ್ರಿಲ್ಲನ್ನು ನಿಷೇಧಿಸಿತು. ತಡವಾಯಿತು ಎಂದೇ ನನ್ನ ಅಭಿಪ್ರಾಯ.

ತಲೆಯ ಪ್ರಶ್ನೆಗೂ ಇಂಥದ್ದೇ ಇತಿಹಾಸವಿದೆ. ಗಟ್ಟಿ ಪ್ಲಾಸ್ಟಿಕ್ ಹೆಲ್ಮೆಟ್, ಮುಖಕ್ಕೆ ಜಾಲರಿ ಬಂದ ಮೇಲೆ ಆಟಗಾರರಿಗೆ ತಲೆಯೇ ಆಯುಧ ಅನ್ನಿಸತೊಡಗಿತು. ಕೋಚ್‌ಗಳೂ ಹಾಗೇ ಕಲಿಸಿದರು: ಓಟಗಾರನ ಎದೆಗೆ ಮುಖ ಕೊಡು, ತಲೆಯನ್ನು ಅವನ ಮುಂದಕ್ಕೆ ಅಡ್ಡ ಹಾಕು. ಹೆಲ್ಮೆಟ್ ಬುರುಡೆಯನ್ನು ಒಡೆಯದಂತೆ ಕಾಯುತ್ತದೆ, ಕುತ್ತಿಗೆಯನ್ನು ಕಾಯುವುದಿಲ್ಲ. ತಲೆ ಬಗ್ಗಿಸಿ ನುಗ್ಗಿದಾಗ ಕುತ್ತಿಗೆಯ ಬೆನ್ನುಮೂಳೆ ಕೋಲಿನ ಹಾಗೆ ನೆಟ್ಟಗಾಗುತ್ತದೆ, ಹೊಡೆತದ ಭಾರವೆಲ್ಲ ಮೂಳೆಯ ಮೇಲೆ ಬೀಳುತ್ತದೆ. ಮೂಳೆ ಮುರಿದು ಕೈಕಾಲಿನ ಸ್ವಾಧೀನ ಕಳೆದುಕೊಂಡ ಹುಡುಗರ ಪ್ರಕರಣಗಳನ್ನು ಜೋಸೆಫ್ ಟೋರ್ಗ್ ಎಂಬ ವೈದ್ಯರು ಕಲೆಹಾಕಿ ತೋರಿಸಿದರು. 1976ರಲ್ಲಿ ತಲೆಯಿಂದ ಇರಿಯುವಂತೆ ನುಗ್ಗುವುದನ್ನು ಶಾಲಾ, ಕಾಲೇಜು ಆಟದಲ್ಲಿ ನಿಷೇಧಿಸಲಾಯಿತು. ನಂತರದ ವರ್ಷಗಳಲ್ಲಿ ಅಂಥ ಗಾಯಗಳು ಗಣನೀಯವಾಗಿ ಇಳಿದವು. ಇಷ್ಟಾದರೂ ತಲೆಯನ್ನು ಓಟಗಾರನ ಮುಂದಕ್ಕೆ ಅಡ್ಡ ಹಾಕುವ ಪಾಠ ಮಾತ್ರ ಹೋಗಲಿಲ್ಲ. ಕ್ಯಾರಲ್ ವಿಡಿಯೊ ಕೈ ಇಟ್ಟದ್ದು ಅಲ್ಲಿಗೇ. ತಲೆ ಓಟಗಾರನ ಬೆನ್ನ ಕಡೆ ಇರಲಿ. ಕಣ್ಣು ಅವನ ತೊಡೆಯ ಮೇಲೆ ನೆಟ್ಟಿರಲಿ. ಭುಜ ತೊಡೆಗೆ ತಾಗಲಿ. ಎರಡು ಕೈಯಿಂದ ಕಾಲುಗಳನ್ನು ಬಾಚಿ ಬಿಗಿಹಿಡಿದು ಮೈಯನ್ನು ಉರುಳಿಸು. ಮೇಲ್ಗಡೆ ಹೊಡೆಯಬೇಕಾದ ಸಂದರ್ಭದಲ್ಲಿ ಭುಜದಿಂದ ಎದೆಗೆ ಹೊಡೆ, ಹಿಡಿದು ನಾಲ್ಕೈದು ಹೆಜ್ಜೆ ಹಿಂದಕ್ಕೆ ತಳ್ಳಿಕೊಂಡು ಹೋಗು. ಓಡುವವನು ಭುಜ, ತಲೆಗಳಿಂದ ಎಷ್ಟು ಬೇಕಾದರೂ ಮೋಸ ಮಾಡಬಲ್ಲ, ತೊಡೆಯಿಂದ ಮಾಡಲಾರ. ಅವನ ತೊಡೆ ಎತ್ತ ಹೋಗುತ್ತದೋ ಅವನೂ ಅತ್ತಲೇ.

ಇದು ಸೌಮ್ಯ ಆಟವೇನಲ್ಲ. ಸೀಹಾಕ್ಸ್‌ನ ಸೇಫ್ಟಿ ಕ್ಯಾಮ್ ಚಾನ್ಸಲರ್ ಭುಜ ಕೊಟ್ಟರೆ ಎದುರಾಳಿ ಎರಡು ಮಾರು ಹಿಂದೆ ಬೀಳುತ್ತಿದ್ದ. 2012ರಿಂದ 2015ರವರೆಗೆ ನಾಲ್ಕು ಸಾಲುಗಳಲ್ಲಿ ಸತತವಾಗಿ ಲೀಗಿನಲ್ಲೇ ಅತಿ ಕಡಿಮೆ ಪಾಯಿಂಟ್ ಬಿಟ್ಟುಕೊಟ್ಟ ಡಿಫೆನ್ಸ್ ಅದು.

ಹಾಗಾದರೆ ಟ್ಯಾಕಲ್ ಮಾಡದೆ ಟ್ಯಾಕಲ್ ಕಲಿಸಬಹುದೇ? ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಕೈಗೆತ್ತಿಕೊಂಡವರು ಜಾನ್ ಗಾಲಿಯಾರ್ಡಿ. ಕೊಲರಾಡೊದ ಟ್ರಿನಿಡಾಡ್ ಎಂಬ ಊರು, 1943. ಶಾಲಾ ತಂಡದ ಕೋಚನ್ನು ಎರಡನೇ ಮಹಾಯುದ್ಧಕ್ಕೆ ಕರೆಸಿಕೊಂಡರು. ಕೋಚ್ ಇಲ್ಲದೆ ತಂಡ ಮುಚ್ಚುವ ಸ್ಥಿತಿ. ತಂಡದ ನಾಯಕನಾಗಿದ್ದ ಹದಿನಾರರ ಹುಡುಗ ಗಾಲಿಯಾರ್ಡಿ ತಾನೇ ಕೋಚ್ ಆಗುತ್ತೇನೆಂದು ಮುಂದೆ ಬಂದ. ಆಡುವ ಹುಡುಗನೇ ಕೋಚ್ ಆದರೆ ಏನಾಗುತ್ತದೆ? ಆಟಗಾರರಿಗೆ ಬೇಡವಾದದ್ದೆಲ್ಲ ಮೊದಲು ಹೋಗುತ್ತದೆ. ತಾಲೀಮಿನ ನಡುವೆ ನೀರು ಕುಡಿದರೆ ಹೇಡಿತನ ಎನ್ನುತ್ತಿದ್ದ ಕಾಲದಲ್ಲಿ ನೀರು ಕುಡಿಯಲು ಬಿಟ್ಟ. ಮೈ ಹಣ್ಣು ಮಾಡುವ ಕಸರತ್ತು, ತಮ್ಮತಮ್ಮಲ್ಲೇ ಕೆಡವಿಕೊಳ್ಳುವುದು ನಿಂತಿತು. ತಂಡ ಗೆಲ್ಲತೊಡಗಿತು.

ಆ ಹುಡುಗ 1953ರಲ್ಲಿ ಮಿನ್ನೆಸೋಟದ ಸೇಂಟ್ ಜಾನ್ಸ್ ವಿಶ್ವವಿದ್ಯಾಲಯಕ್ಕೆ ಬಂದು 2012ರವರೆಗೆ ಅಲ್ಲೇ ಕೋಚ್ ಆಗಿ ಉಳಿದರು. ತಾಲೀಮಿನಲ್ಲಿ ಟ್ಯಾಕಲ್ ಇಲ್ಲ. ಸೀಟಿ ಇಲ್ಲ. ಒಂದೂವರೆ ಗಂಟೆ ಮೀರಿದ ತಾಲೀಮು ಇಲ್ಲ. ಯಾರೂ ಅವರನ್ನು ‘ಕೋಚ್’ ಎಂದು ಕರೆಯುವ ಹಾಗಿಲ್ಲ, ಎಲ್ಲರಿಗೂ ‘ಜಾನ್’. ನಿವೃತ್ತರಾಗುವಾಗ ಅವರ ಗೆಲುವು 489. ಕಾಲೇಜು ಫುಟ್‌ಬಾಲಿನ ಇತಿಹಾಸದಲ್ಲೇ ಯಾವ ಕೋಚ್‌ಗೂ ಅಷ್ಟು ಗೆಲುವು ಸಿಕ್ಕಿರಲಿಲ್ಲ. ಅಷ್ಟು ವರ್ಷ ಅವರ ಪದ್ಧತಿಯನ್ನು ಬೇರೆಯವರು ಒಬ್ಬ ಮುದುಕನ ವಿಚಿತ್ರ ಹಠ ಎಂಬಂತೆಯೇ ನೋಡಿದರು. ಸಣ್ಣ ಕಾಲೇಜುಗಳ ಮೂರನೇ ದರ್ಜೆಯ ಸ್ಪರ್ಧೆಯಲ್ಲಿ ಅದು ನಡೆದೀತು, ದೊಡ್ಡ ಕಡೆ ನಡೆಯದು ಎಂಬುದು ಹಾಗೆ ನೋಡಿದವರ ವಾದ.

ಆ ವಾದಕ್ಕೆ ಉತ್ತರ ಡಾರ್ಟ್‌ಮತ್ ಕಾಲೇಜಿನಿಂದ ಬಂತು. ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಹ್ಯಾನೊವರ್ ಊರಿನ ಈ ಕಾಲೇಜು ಅದಕ್ಕಿಂತ ಮೇಲಿನ ದರ್ಜೆಯ ಐವಿ ಲೀಗಿನಲ್ಲಿ ಆಡುತ್ತದೆ. ಬಡಿ ಟೀವನ್ಸ್ ಅಲ್ಲಿಯೇ ಓದಿ, ಕ್ವಾರ್ಟರ್‌ಬ್ಯಾಕ್ ಆಗಿ ಆಡಿ, ಕೋಚ್ ಆದವರು. 2008ರಲ್ಲಿ ಅವರ ತಂಡ ಹತ್ತಕ್ಕೆ ಹತ್ತೂ ಸೋತಿತ್ತು. ಮರುವರ್ಷವೂ ಗೆದ್ದದ್ದು ಎರಡೇ. ಅಂಥ ಹೊತ್ತಿನಲ್ಲಿ, 2010ರಲ್ಲಿ, ಅವರು ತಾಲೀಮಿನಲ್ಲಿ ತಮ್ಮ ತಂಡದವರನ್ನೇ ಟ್ಯಾಕಲ್ ಮಾಡುವುದನ್ನು ವರ್ಷವಿಡೀ ನಿಲ್ಲಿಸಿಬಿಟ್ಟರು. ಸೋಲುತ್ತಿರುವ ಕೋಚ್ ಸಾಮಾನ್ಯವಾಗಿ ಹುಡುಗರನ್ನು ಇನ್ನಷ್ಟು ಗುದ್ದಾಡಿಸುತ್ತಾನೆ, ಕೆಲಸ ಉಳಿಸಿಕೊಳ್ಳುವ ದಾರಿ ಅದೇ ಎಂಬ ನಂಬಿಕೆ. ಟೀವನ್ಸ್ ಎದೆಗಾರಿಕೆ ನನಗೆ ದೊಡ್ಡದಾಗಿ ಕಾಣುವುದು ಇಲ್ಲಿ. ಆ ವರ್ಷ ಆರು ಗೆದ್ದರು, ನಾಲ್ಕು ಸೋತರು. 2015, 2019, 2021ರಲ್ಲಿ ಲೀಗ್ ಪ್ರಶಸ್ತಿಯನ್ನು ಹಂಚಿಕೊಂಡರು.

ಮನುಷ್ಯನನ್ನು ಕೆಡವಬಾರದು ಎಂದ ಮೇಲೆ ಕೆಡವಲು ಏನಾದರೂ ಬೇಕಲ್ಲ. ಸಾಮಾನ್ಯ ದಿಂಬು ನಿಂತಲ್ಲೇ ನಿಲ್ಲುತ್ತದೆ. ಅದನ್ನು ಕೆಡವಿ ಕಲಿಯುವುದು ಅಷ್ಟಕ್ಕಷ್ಟೆ. ಡಾರ್ಟ್‌ಮತ್‌ನದೇ ಥೇಯರ್ ಎಂಜಿನಿಯರಿಂಗ್ ಶಾಲೆಯ ವಿದ್ಯಾರ್ಥಿಗಳು ಕೂತು ಓಡುವ ದಿಂಬನ್ನೇ ಮಾಡಿದರು. ಆಳೆತ್ತರದ ಫೋಮ್ ಕಂಬ, ಬುಡದಲ್ಲಿ ಭಾರ ತುಂಬಿದ ಗುಂಡಗಿನ ಪೀಠ, ಒಳಗೆ ಮೋಟಾರು, ಚಕ್ರ. ಗೆರೆಯ ಆಚೆ ನಿಂತವರು ರಿಮೋಟ್ ಹಿಡಿದು ಅದನ್ನು ಓಡಿಸುತ್ತಾರೆ. ಅದು ಗಕ್ಕನೆ ನಿಲ್ಲುತ್ತದೆ, ತಿರುಗುತ್ತದೆ, ಮತ್ತೆ ಓಡುತ್ತದೆ. ಹುಡುಗ ಬೆನ್ನಟ್ಟಿ ಹೋಗಿ ಭುಜ ಕೊಟ್ಟು ಬಾಚಿ ಕೆಡವುತ್ತಾನೆ. ಬಿದ್ದ ಕಂಬ ಗೊಂಬೆಯ ಹಾಗೆ ತಾನೇ ಎದ್ದು ನಿಲ್ಲುತ್ತದೆ, ಮುಂದಿನವನು ಸಿದ್ಧ. ಎಷ್ಟು ಸಲ ಬಿದ್ದರೂ ಅದಕ್ಕೆ ನೋವಿಲ್ಲ. ಹುಡುಗರಿಂದ ಜತೆಗಾರನನ್ನು ವಾರಕ್ಕೆ ಹತ್ತು ಸಲ ಕೆಡವಿಸಲು ಹಿಂಜರಿಯುವ ಕೋಚ್ ಈ ಯಂತ್ರವನ್ನು ನೂರಾರು ಸಲ ಕೆಡವಿಸಬಹುದು. 2016ರಲ್ಲಿ ಐವಿ ಲೀಗಿನ ಕೋಚ್‌ಗಳೆಲ್ಲ ಒಮ್ಮತದಿಂದ ಪಂದ್ಯದ ಋತುವಿನ ತಾಲೀಮಿನಲ್ಲಿ ಪೂರ್ಣ ಪ್ರಮಾಣದ ಹೊಡೆತವನ್ನು ಕೈಬಿಟ್ಟರು. ಎನ್‌ಎಫ್‌ಎಲ್ ತಂಡಗಳೂ ಆ ಯಂತ್ರವನ್ನು ತರಿಸಿಕೊಂಡವು. ಟೀವನ್ಸ್ 2023ರಲ್ಲಿ ಸೈಕಲ್ ಅಪಘಾತದಲ್ಲಿ ಗಾಯಗೊಂಡು ಕೆಲವು ತಿಂಗಳ ಬಳಿಕ ತೀರಿಕೊಂಡರು.

ಇನ್ನು ದಿನದ ತಾಲೀಮಿಗೆ ಬರೋಣ. ಹೊಡೆತ ಎಷ್ಟಿರಬೇಕು ಎಂಬುದಕ್ಕೆ ಅಲ್ಲಿನ ಕೋಚ್‌ಗಳು ಐದು ಮೆಟ್ಟಿಲು ಮಾಡಿಕೊಂಡಿದ್ದಾರೆ. ಮೊದಲನೆಯದು ಗಾಳಿ: ಎದುರಿಗೆ ಯಾರೂ ಇಲ್ಲ, ಬರೀ ಹೆಜ್ಜೆ. ಎರಡನೆಯದು ಬ್ಯಾಗ್. ಮೂರನೆಯದು ಕಂಟ್ರೋಲ್, ಎಂದರೆ ಯಾರು ಗೆಲ್ಲುತ್ತಾರೆಂದು ಮೊದಲೇ ಗೊತ್ತುಮಾಡಿಕೊಂಡು ಅರ್ಧ ವೇಗದಲ್ಲಿ ಆಡುವುದು. ನಾಲ್ಕನೆಯದು ಥಡ್: ಪೂರ್ತಿ ವೇಗ, ಭುಜ ತಾಗುತ್ತದೆ, ಆದರೆ ಯಾರೂ ನೆಲಕ್ಕೆ ಬೀಳಬಾರದು. ಕೊನೆಯದು ಲೈವ್, ಪಂದ್ಯದ ಹಾಗೆಯೇ. ಒಳ್ಳೆಯ ಕೋಚ್ ವಾರದ ಬಹುಪಾಲನ್ನು ಮೊದಲ ನಾಲ್ಕರಲ್ಲೇ ಕಳೆಯುತ್ತಾನೆ. ವೃತ್ತಿಪರರಿಗಂತೂ ಇದು ಒಪ್ಪಂದವೇ: 2011ರಲ್ಲಿ ಎನ್‌ಎಫ್‌ಎಲ್ ಮಾಲೀಕರು ಮತ್ತು ಆಟಗಾರರ ಸಂಘ ಮಾಡಿಕೊಂಡ ಕರಾರಿನಂತೆ ಇಡೀ ಲೀಗ್ ಋತುವಿನಲ್ಲಿ ಪ್ಯಾಡ್ ಹಾಕಿ ತಾಲೀಮು ಮಾಡಬಹುದಾದದ್ದು 14 ದಿನ ಮಾತ್ರ.

ಡಿಫೆನ್ಸಿನ ತಾಲೀಮಿನಲ್ಲಿ ಒಂದನ್ನೇ ಆರಿಸು ಎಂದರೆ ನಾನು ಪರ್ಸ್ಯೂಟ್ ಡ್ರಿಲ್ ಎನ್ನುತ್ತೇನೆ. ಯಾರೂ ಯಾರನ್ನೂ ಮುಟ್ಟದ ಡ್ರಿಲ್ ಇದು. ಹನ್ನೊಂದು ಜನ ಪಂದ್ಯದಲ್ಲಿ ನಿಲ್ಲುವ ಹಾಗೆಯೇ ತಮ್ಮತಮ್ಮ ಜಾಗದಲ್ಲಿ ನಿಲ್ಲುತ್ತಾರೆ. ಮೈದಾನದ ಅಗಲ 53 ಗಜಕ್ಕಿಂತ ತುಸು ಹೆಚ್ಚು. ಅಂಚಿನ ಗೆರೆಯುದ್ದಕ್ಕೂ ಐದೈದು ಗಜಕ್ಕೊಂದು ಕಿತ್ತಳೆ ಬಣ್ಣದ ಕೋನ್. ಚೆಂಡು ಅಲುಗಿದ ಕೂಡಲೇ ಒಬ್ಬ ಓಟಗಾರ ಬಲ ಅಂಚಿನ ಕಡೆ ಹಾರುತ್ತಾನೆ, ಗೆರೆಗುಂಟ ಮೇಲಕ್ಕೆ ಓಡುತ್ತಾನೆ. ಹನ್ನೊಂದು ಜನರಿಗೂ ಒಂದೊಂದು ಕೋನ್ ಗೊತ್ತುಮಾಡಿದೆ. ಓಟಗಾರ ಬರುವಷ್ಟರಲ್ಲಿ ಅವರವರು ಅವರವರ ಕೋನ್ ಮುಟ್ಟಬೇಕು. ಬಲಗಡೆಯ ಕಾರ್ನರ್‌ಗೆ ಹತ್ತಿರದ್ದು. ಅವನ ಕೆಲಸ ಓಟಗಾರನನ್ನು ಹೊರಗೆ ಬಿಡದೆ ಒಳಕ್ಕೆ ತಿರುಗಿಸುವುದು. ನಡುವಿನ ಲೈನ್‌ಬ್ಯಾಕರ್‌ಗೆ ಅದಕ್ಕಿಂತ ದೂರದ್ದು. ಎಡ ತುದಿಯ ಲೈನ್‌ಮನ್ ಕೂಡಲೇ ಓಡಿಬಿಡಬಾರದು. ಚೆಂಡು ತನ್ನ ಕಡೆಗೆ ಮರಳಿ ಬರುತ್ತಿಲ್ಲ ಎಂದು ಒಂದು ಕ್ಷಣ ಖಾತ್ರಿಪಡಿಸಿಕೊಂಡು ಆಮೇಲೆ ಹೊರಡಬೇಕು. ಎಲ್ಲಕ್ಕಿಂತ ದೂರದ ಕೋನ್ ಎಡ ಅಂಚಿನ ಕಾರ್ನರ್‌ಗೆ. ಓಟ ನಡೆಯುತ್ತಿರುವುದು ಮೈದಾನದ ಆ ತುದಿಯಲ್ಲಿ, ಅವನಿರುವುದು ಈ ತುದಿಯಲ್ಲಿ. ಪಂದ್ಯದಲ್ಲಿ ಹತ್ತರಲ್ಲಿ ಒಂಬತ್ತು ಸಲ ಅವನ ಓಟ ವ್ಯರ್ಥ. ಹತ್ತನೆಯ ಸಲ ಉಳಿದ ಹತ್ತು ಜನ ತಪ್ಪಿದಾಗ ಟಚ್‌ಡೌನ್ ತಡೆಯಲು ಅವನೊಬ್ಬನೇ ಇರುತ್ತಾನೆ.

ಒಬ್ಬ ಸ್ವಲ್ಪ ನಿಧಾನಿಸಿದರೂ ಹನ್ನೊಂದು ಜನರೂ ಮತ್ತೆ ಮೊದಲಿಂದ ಓಡಬೇಕು. ನೂರ ನಲವತ್ತು ಕಿಲೊ ತೂಗುವ ಲೈನ್‌ಮನ್‌ಗೂ ವಿನಾಯಿತಿಯಿಲ್ಲ.

ಇಲ್ಲಿ ಕಲಿಯುವುದು ಕೋನ. ಓಟಗಾರ ಈಗ ಇರುವ ಜಾಗಕ್ಕೆ ಓಡಿದವನು ಅವನ ಬೆನ್ನನ್ನೇ ನೋಡುತ್ತ ಉಳಿಯುತ್ತಾನೆ. ಅವನು ಇನ್ನು ಮೂರು ಸೆಕೆಂಡಿಗೆ ಎಲ್ಲಿರುತ್ತಾನೆಂದು ಅಂದಾಜು ಕಟ್ಟಿ ಅಲ್ಲಿಗೆ ಓಡಬೇಕು. ಹತ್ತಿರ ಬಂದ ಮೇಲೆ ಅವನ ಒಳಗಡೆಯ ಸೊಂಟದ ಮೇಲೆ ಕಣ್ಣಿಟ್ಟು, ಅವನಿಗಿಂತ ಅರ್ಧ ಹೆಜ್ಜೆ ಹಿಂದೆಯೇ ಇರಬೇಕು. ಸಮಕ್ಕೆ ಬಂದರೆ ಅವನು ಗಕ್ಕನೆ ನಿಂತು ಒಳಕ್ಕೆ ತಿರುಗಿ ನುಸುಳುತ್ತಾನೆ. ಅರ್ಧ ಹೆಜ್ಜೆ ಹಿಂದಿದ್ದರೆ ಅವನಿಗೆ ಒಳಗಿನ ದಾರಿ ಮುಚ್ಚಿತು. ಹೊರಗೆ ಅಂಚಿನ ಗೆರೆ. ನಮ್ಮ ಕಬಡ್ಡಿಯಲ್ಲಿ ರೈಡರನ್ನು ಒಬ್ಬ ಪಾದಕ್ಕೆ ಹಿಡಿದಾಗ ಉಳಿದವರು ಗೆರೆಯ ದಾರಿ ಮುಚ್ಚಿಕೊಂಡು ಮುಗಿಬೀಳುತ್ತಾರಲ್ಲ, ಹಾಗೆಯೇ ಇಲ್ಲೂ ಮೊದಲಿನವನು ಹಿಡಿದರೆ ಸಾಕು, ಬೀಳಿಸಲು ಉಳಿದವರು ಬಂದೇ ಬರುತ್ತಾರೆ ಎಂಬ ಭರವಸೆಯ ಮೇಲೆ ಇಡೀ ಡಿಫೆನ್ಸ್ ನಿಂತಿದೆ. ಆ ಭರವಸೆ ಇಲ್ಲದವನು ಒಂದೇ ಹೊಡೆತಕ್ಕೆ ಕೆಡವಲು ಹೋಗಿ ತಲೆ ಬಗ್ಗಿಸಿ ನುಗ್ಗುತ್ತಾನೆ, ತಪ್ಪುತ್ತಾನೆ, ಗಾಯವನ್ನೂ ಮಾಡಿಕೊಳ್ಳುತ್ತಾನೆ. ಓಟದ ಶಿಸ್ತಿಗೂ ತಲೆಯ ಸುರಕ್ಷೆಗೂ ಹೀಗೆ ನಂಟಿದೆ.

ಷಿಕಾಗೊ ಬೇರ್ಸ್ ತಂಡದ ಕೋಚ್ ಆಗಿದ್ದ ಲವೀ ಸ್ಮಿತ್ ಇದನ್ನು ಲೆಕ್ಕಕ್ಕೇ ಇಟ್ಟರು. ಪಂದ್ಯ ಮುಗಿದ ಮೇಲೆ ವಿಡಿಯೊ ಹಾಕಿ, ಆಟದ ನಡುವೆ ವೇಗ ತಗ್ಗಿಸಿದವನಿಗೆ, ಜತೆಗಾರ ತನ್ನನ್ನು ದಾಟಿ ಹೋಗಲು ಬಿಟ್ಟವನಿಗೆ, ಬಿದ್ದು ಏಳಲು ತಡಮಾಡಿದವನಿಗೆ ‘ಲೋಫ್’ (ಮೈಗಳ್ಳತನ) ಎಂದು ಗುರುತು ಹಾಕುತ್ತಿದ್ದರು. ತಾರಾ ಆಟಗಾರನಿಗೂ ಅದೇ ಅಳತೆ. ಅವರ ಕಾರ್ನರ್ ಚಾರ್ಲ್ಸ್ ಟಿಲ್‌ಮನ್ ಇನ್ನೊಂದು ವಿದ್ಯೆಯನ್ನು ಕರಗತ ಮಾಡಿಕೊಂಡಿದ್ದರು. ಒಂದು ಕೈಯಿಂದ ಓಟಗಾರನನ್ನು ತಬ್ಬಿ, ಇನ್ನೊಂದು ಮುಷ್ಟಿಯಿಂದ ಅವನ ಕಂಕುಳಲ್ಲಿದ್ದ ಚೆಂಡಿಗೆ ಗುದ್ದುವುದು. 2012ರಲ್ಲಿ ಹೀಗೆ ಹತ್ತು ಸಲ ಚೆಂಡು ಉದುರಿಸಿದರು, ಅದರಲ್ಲಿ ನಾಲ್ಕು ಒಂದೇ ಪಂದ್ಯದಲ್ಲಿ. ಗುದ್ದಿದ್ದು ಮನುಷ್ಯನಿಗಲ್ಲ, ಚೆಂಡಿಗೆ. ಕ್ಯಾರಲ್ ಅವರ ವಾರದಲ್ಲೂ ಗುರುವಾರ ಇದಕ್ಕೇ ಮೀಸಲಾಗಿತ್ತು, ಅಂದು ಚೆಂಡು ಕಸಿಯುವುದೇ ಪಾಠ. ಬುಧವಾರ ಪೈಪೋಟಿಯ ದಿನ. ಸೋಮವಾರ ಹಿಂದಿನ ಪಂದ್ಯದ ತಪ್ಪು ಒಪ್ಪುಗಳನ್ನು ಮುಚ್ಚುಮರೆಯಿಲ್ಲದೆ ಮಾತಾಡುವ ದಿನ.

ಕ್ಯಾರಲ್ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಸೀಹಾಕ್ಸ್‌ನಲ್ಲಿ ಅವರ ಡಿಫೆನ್ಸ್ ಲೀಗಿನಲ್ಲೇ ಸರಳವಾದವುಗಳಲ್ಲಿ ಒಂದಾಗಿತ್ತು. ಮೈದಾನದ ಹಿಂಭಾಗವನ್ನು ಮೂರು ಪಾಲು ಮಾಡಿ ಇಬ್ಬರು ಕಾರ್ನರ್, ಒಬ್ಬ ಸೇಫ್ಟಿ ಕಾಯುವ ಕವರ್ ತ್ರೀ ಎಂಬ ವ್ಯೂಹವನ್ನೇ ಅವರು ಮತ್ತೆ ಮತ್ತೆ ಆಡಿಸಿದರು. ಎದುರಾಳಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಒಡೆಯಲಾಗಲಿಲ್ಲ. ಸಂಗತಿ ಕಡಿಮೆಯಿದ್ದರೆ ಆಟಗಾರ ಯೋಚಿಸುತ್ತ ನಿಲ್ಲುವುದಿಲ್ಲ, ಕಂಡ ಕೂಡಲೇ ಓಡುತ್ತಾನೆ. ಆಟಗಾರರನ್ನು ಆರಿಸಿದ ರೀತಿಯೂ ಹಾಗೇ. ಕಾರ್ನರ್ ರಿಚರ್ಡ್ ಶರ್ಮನ್, ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟಿನಲ್ಲಿ, 2011ರ ಐದನೇ ಸುತ್ತಿನವರೆಗೆ ಯಾರಿಗೂ ಬೇಡವಾಗಿದ್ದ ಹುಡುಗ, ಕಾಲೇಜಿನಲ್ಲಿ ಮೊದಲು ಚೆಂಡು ಹಿಡಿಯುವ ರಿಸೀವರ್ ಆಗಿದ್ದವರು. ಚಾನ್ಸಲರ್ ಕೂಡ ಐದನೇ ಸುತ್ತಿನವರೇ. ಇನ್ನೊಬ್ಬ ಕಾರ್ನರ್ ಬ್ರ್ಯಾಂಡನ್ ಬ್ರೌನರ್ ಕೆನಡಾದ ಲೀಗಿನಿಂದ ಬಂದವರು. ಕ್ಯಾರಲ್‌ಗೆ ಬೇಕಿದ್ದದ್ದು ಉದ್ದನೆಯ ಕೈ ಮತ್ತು ಕಲಿಯುವ ತಾಳ್ಮೆ. ಚೆಂಡು ಅಲುಗಿದಾಗ ಹಿಂದಕ್ಕೆ ಹಾರದೆ, ಎದುರಿನವನು ಹೆಜ್ಜೆ ಇಡುವವರೆಗೆ ಕಾದು, ಆಮೇಲೆ ಕಾಲು ಸರಿಸುವ ಒಂದೇ ಪಾಠವನ್ನು ದಿನವೂ ಮಾಡಿಸಿದರು.

ಇಂಥ ಕ್ಯಾರಲ್ ತಂಡವೇ ಮರುವರ್ಷದ ಸೂಪರ್ ಬೌಲಿನಲ್ಲಿ ಇನ್ನೊಬ್ಬರ ತಾಲೀಮಿಗೆ ಸೋತಿತು. 2015ರ ಫೆಬ್ರುವರಿ 1, ಅರಿಜೋನದ ಗ್ಲೆಂಡೇಲ್. ಎದುರಿಗೆ ಬಿಲ್ ಬೆಲಿಚಿಕ್ ಅವರ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್. ಹಿಂದೆ ಇದೇ ತಂಡ ಕ್ಯಾರಲ್‌ರನ್ನು ತೆಗೆದುಹಾಕಿ ಆ ಜಾಗಕ್ಕೆ ಬೆಲಿಚಿಕ್‌ರನ್ನು ತಂದಿತ್ತು. ಕೊನೆಯ ನಿಮಿಷ, ಸೀಹಾಕ್ಸ್ 24, ಪೇಟ್ರಿಯಟ್ಸ್ 28. ಗೆಲುವಿನ ಗೆರೆಗೆ ಐದು ಗಜ ಇರುವಾಗ ಸೀಹಾಕ್ಸ್ ಚೆಂಡನ್ನು ಮಾರ್ಷಾನ್ ಲಿಂಚ್ ಕೈಗೆ ಕೊಟ್ಟಿತು. ತಡೆಯಲಾಗದ ಓಟಗಾರ. ಭುಜದ ಗಾಯ ಹೊತ್ತು ಆಡುತ್ತಿದ್ದ ಲೈನ್‌ಬ್ಯಾಕರ್ ಡಾಂಟಾ ಹೈಟವರ್ ಅಡ್ಡಗಟ್ಟಿದವನಿಂದ ಬಿಡಿಸಿಕೊಂಡು ಕೆಳಕ್ಕೆ ಬಿದ್ದು ಲಿಂಚ್ ಅವರ ಕಾಲಿಗೆ ಅಡ್ಡವಾದರು. ಒಂದೇ ಗಜ ಉಳಿಯಿತು. ಮುಂದಿನ ಆಟ ಎಲ್ಲರ ನೆನಪಿನಲ್ಲಿದೆ, ಹೈಟವರ್ ಟ್ಯಾಕಲ್ ಅಷ್ಟಾಗಿ ಯಾರ ನೆನಪಿನಲ್ಲೂ ಇಲ್ಲ. ಅದು ತಪ್ಪಿದ್ದರೆ ಮುಂದಿನ ಆಟವೇ ಇರುತ್ತಿರಲಿಲ್ಲ.

ಉಳಿದದ್ದು 26 ಸೆಕೆಂಡು. ಪೇಟ್ರಿಯಟ್ಸ್ ಮೂರನೇ ಕಾರ್ನರ್ ಆಗಿ ಮಾಲ್ಕಮ್ ಬಟ್ಲರನ್ನು ಒಳಗೆ ಓಡಿಸಿದರು. ಡ್ರಾಫ್ಟಿನಲ್ಲಿ ಯಾವ ತಂಡವೂ ಕೇಳದ, ಆ ವರ್ಷವಷ್ಟೇ ಸೇರಿದ ಹುಡುಗ. ಸೀಹಾಕ್ಸ್‌ನ ಇಬ್ಬರು ರಿಸೀವರ್‌ಗಳು ಒಬ್ಬರ ಹಿಂದೊಬ್ಬರು ನಿಂತರು. ಮುಂದಿನವನು ದಾರಿಗೆ ಅಡ್ಡ ನಿಂತು ಹಿಂದಿನವನು ಒಳಕ್ಕೆ ನುಸುಳುವ ಆಟ ಅದು. ಆ ವಾರದ ತಾಲೀಮಿನಲ್ಲಿ ಪೇಟ್ರಿಯಟ್ಸ್‌ನ ಮೀಸಲು ಆಟಗಾರರು ಇದೇ ಆಟವನ್ನು ಸೀಹಾಕ್ಸ್‌ನವರ ಹಾಗೆ ಆಡಿ ತೋರಿಸಿದ್ದರು. ತಾಲೀಮಿನಲ್ಲಿ ಇದು ಹೇಗೆ ನಡೆಯುತ್ತದೆ ಎಂದರೆ, ಎದುರಾಳಿಯ ಆಟವನ್ನು ದೊಡ್ಡ ರಟ್ಟಿನ ಮೇಲೆ ಗೆರೆ, ಸೊನ್ನೆಗಳಲ್ಲಿ ಬರೆದು ಕೋಚ್ ಎತ್ತಿ ಹಿಡಿಯುತ್ತಾನೆ, ಮೀಸಲಿನವರು ಅದನ್ನು ನೋಡಿಕೊಂಡು ಆಡುತ್ತಾರೆ. ಅಂದು ಬಟ್ಲರ್ ಅಡ್ಡ ನಿಂತವನ ಹಿಂದಿನಿಂದ ಸುತ್ತಿ ಬರಲು ಹೋಗಿ ತಡವಾದರು. ಚೆಂಡು ರಿಸೀವರ್ ಕೈ ಸೇರಿ ಟಚ್‌ಡೌನ್ ಆಯಿತು. ಇದನ್ನು ನೀನು ಹಿಡಿಯಲೇಬೇಕು ಎಂದು ಬೆಲಿಚಿಕ್ ಎಚ್ಚರಿಸಿದ್ದರು.

ಪಂದ್ಯದಲ್ಲಿ ಅದೇ ನಿಲುವು ಕಂಡಿತು. ಸೀಹಾಕ್ಸ್ ಬಿಟ್ಟು ಆ ವರ್ಷ ಪೇಟ್ರಿಯಟ್ಸ್ ಸೇರಿದ್ದ ಬ್ರೌನರ್ ಮುಂದೆ ನಿಂತ ರಿಸೀವರ್‌ನ ಎದೆಗೆ ಕೈಕೊಟ್ಟು ಅಲುಗಾಡದಂತೆ ತಡೆದರು. ಬಟ್ಲರ್ ಈ ಸಲ ಸುತ್ತಲಿಲ್ಲ. ಚೆಂಡು ಬರಬಹುದಾದ ಜಾಗಕ್ಕೆ ನೆಟ್ಟಗೆ ನುಗ್ಗಿ ರಿಸೀವರ್‌ಗಿಂತ ಮೊದಲು ಮುಟ್ಟಿ ಹಿಡಿದರು. ಅಷ್ಟು ದೊಡ್ಡ ಪಂದ್ಯವನ್ನು ಮುಗಿಸಿದ್ದು ಒಂದು ಹೆಜ್ಜೆಯ ವ್ಯತ್ಯಾಸ. ಆ ಹೆಜ್ಜೆಯನ್ನು ತಾಲೀಮಿನಲ್ಲಿ ಯಾರೂ ಯಾರನ್ನೂ ಗುದ್ದಿ ಕಲಿಸಿರಲಿಲ್ಲ. ಎದುರಾಳಿಯ ಆಟವನ್ನು ಹುಡುಕಿ ಬರೆದವರು, ಅದನ್ನು ನಿಷ್ಠೆಯಿಂದ ಆಡಿ ತೋರಿಸಿದ ಮೀಸಲು ಹುಡುಗರು, ಸೋತದ್ದನ್ನು ಅಲ್ಲೇ ಎತ್ತಿ ತೋರಿದ ಕೋಚ್, ಇಷ್ಟೂ ಜನ ಸೇರಿ ಕಲಿಸಿದ್ದು.

ಹೊಡೆತ ತಗ್ಗಿಸುವ ಈ ಪದ್ಧತಿಗೆ ಆಕ್ಷೇಪಗಳಿಲ್ಲವೆಂದಲ್ಲ. 2011ರ ಕರಾರಿನ ನಂತರ ವೃತ್ತಿಪರರ ಟ್ಯಾಕಲ್ ಸಡಿಲವಾಯಿತು, ಋತುವಿನ ಮೊದಲ ವಾರಗಳಲ್ಲಿ ತಪ್ಪುವುದು ಹೆಚ್ಚಾಯಿತು ಎಂದು ದೂರುವ ಕೋಚ್‌ಗಳಿದ್ದಾರೆ. ನನಗೆ ತೂಕದ್ದೆನಿಸುವ ಆಕ್ಷೇಪ ಬೇರೆ. ಗಾಲಿಯಾರ್ಡಿ ಬಳಿಗೆ, ಟೀವನ್ಸ್ ಬಳಿಗೆ ಬಂದ ಹುಡುಗರು ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಟ್ಯಾಕಲ್ ಮಾಡಿ ಬಂದವರು. ಬೀಳುವುದು, ಬೀಳಿಸುವುದು ಅವರ ಮೈಗೆ ಆಗಲೇ ಗೊತ್ತಿತ್ತು. ಕಾಲೇಜಿನಲ್ಲಿ ಬಿಡಬಹುದು ಎಂದ ಮಾತ್ರಕ್ಕೆ ಹದಿನಾಲ್ಕರ ಹುಡುಗ ಬದುಕಿನಲ್ಲಿ ಮೊದಲ ಸಲ ಪೂರ್ತಿ ವೇಗದ ಮನುಷ್ಯನನ್ನು ಪಂದ್ಯದ ದಿನವೇ ಎದುರಿಸಲಿ ಎನ್ನಲಾಗದು. ಅವನಿಗೆ ಮೆಟ್ಟಿಲು ಮೆಟ್ಟಿಲಾಗಿ, ಚಾಪೆಯ ಮೇಲೆ ಮೊಣಕಾಲೂರಿ ಶುರುಮಾಡಿ, ಕೊನೆಗೆ ಲೈವ್ ಕೂಡ ಬೇಕು, ಅಳತೆಯಲ್ಲಿ. ಇನ್ನೊಂದು ಸತ್ಯವೂ ಇದೆ. ಟ್ಯಾಕಲ್ ಎಷ್ಟೇ ಸುಧಾರಿಸಿದರೂ ಮುಂದಿನ ಸಾಲಿನ ಲೈನ್‌ಮನ್‌ಗಳು ಪ್ರತಿ ಆಟದಲ್ಲೂ ಪರಸ್ಪರ ಡಿಕ್ಕಿಯಾಗುತ್ತಾರೆ. ಸಣ್ಣ ಸಣ್ಣ ಪೆಟ್ಟುಗಳೇ ವರ್ಷಗಟ್ಟಲೆ ಕೂಡಿ ಮಿದುಳಿಗೆ ಹಾನಿ ಮಾಡುತ್ತವೆ. ತಾಲೀಮಿನ ಹೊಡೆತ ತಗ್ಗಿಸಿದರೆ ಆ ಲೆಕ್ಕ ಇಳಿಯುತ್ತದೆ, ಸೊನ್ನೆಯಾಗುವುದಿಲ್ಲ. ಆಟವನ್ನು ಪ್ರೀತಿಸುವವರು ಇದನ್ನು ಮರೆಮಾಚಬಾರದು.

ಹಾಗಾಗಿ ನಿಜವಾದ ಕೆಲಸ ಇರುವುದು ಶಾಲೆಗಳಲ್ಲಿ. ಕ್ಯಾಲಿಫೋರ್ನಿಯ 2014ರಲ್ಲಿ ಕಾನೂನು ಮಾಡಿ, ಶಾಲಾ ತಂಡಗಳು ಋತುವಿನಲ್ಲಿ ವಾರಕ್ಕೆ ಎರಡೇ ದಿನ, ದಿನಕ್ಕೆ 90 ನಿಮಿಷ ಮೀರದಂತೆ ಪೂರ್ಣ ಹೊಡೆತದ ತಾಲೀಮು ಮಾಡಬಹುದು ಎಂದಿತು. ಬೇ ಏರಿಯಾದಲ್ಲಿ, ಡಲ್ಲಾಸ್ ಸುತ್ತಮುತ್ತ ನೆಲೆಸಿದ ಕನ್ನಡದ ಮನೆಗಳಲ್ಲಿ ಈಗ ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದಾರೆ. ಮಗ ಒಂದು ಸಂಜೆ ಒಪ್ಪಿಗೆಯ ಫಾರಂ ತಂದು ಸಹಿ ಹಾಕಪ್ಪ ಎಂದರೆ, ಆಟವೇ ಗೊತ್ತಿಲ್ಲದ ಅಪ್ಪ ಅಮ್ಮ ಒಂದೋ ಹೆದರಿ ಬೇಡ ಎನ್ನುತ್ತಾರೆ, ಇಲ್ಲವೇ ಕಣ್ಣುಮುಚ್ಚಿ ಸಹಿ ಹಾಕುತ್ತಾರೆ. ಎರಡರ ಬದಲು ಶಾಲೆಗೆ ಹೋಗಿ ಒಂದು ತಾಲೀಮು ನೋಡಿ ಬನ್ನಿ. ವಾರಕ್ಕೆ ಎಷ್ಟು ನಿಮಿಷ ಲೈವ್ ಇರುತ್ತದೆ ಎಂದು ಕೋಚ್ ಅವರನ್ನು ಕೇಳಿ. ತಲೆ ಎಲ್ಲಿಡಲು ಕಲಿಸುತ್ತೀರಿ ಎಂದು ಕೇಳಿ. ತಲೆಗೆ ಪೆಟ್ಟು ಬಿದ್ದ ಹುಡುಗ ಮತ್ತೆ ಮೈದಾನಕ್ಕಿಳಿಯಬಹುದೇ ಎಂದು ತೀರ್ಮಾನಿಸುವವರು ಕೋಚೋ ವೈದ್ಯರೋ ಎಂಬುದನ್ನೂ ಕೇಳಿ ತಿಳಿದುಕೊಂಡು, ಆಮೇಲೆ ಸಹಿಯ ವಿಚಾರ ಮಾಡಿ.